ಬೀದಿಗೆ ಜ್ವರ ತೋರಿಸಿದ ಓನರಮ್ಮ

ಹೋದ ತಿಂಗಳು ನಮ್ಮ ಓನರಮ್ಮನ ತಿಥಿ ಊಟಕ್ಕೆ ಕೂತಿದ್ದೆ. ಲಗ್ಗೆರೆಯ ನಮ್ಮ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಬೈಕಿನವರು ಗೊಣಗುತ್ತ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ನನ್ನ ಪಕ್ಕದ ಎಲೆಯಲ್ಲಿ ಕೂತಿದ್ದವರು ಓನರಮ್ಮನ ದೂರದ ಸಂಬಂಧಿ, ನೆಲಮಂಗಲದ ಕಡೆಯವರು, ಕತ್ತಿನಲ್ಲಿ ದಪ್ಪ ಚೈನು, ಗಂಟಲೂ ಅಷ್ಟೇ ದಪ್ಪ. ಅನ್ನ ಬರುವ ಮೊದಲೇ ಉಪ್ಪಿನಕಾಯಿಗೆ ಬೆರಳು ಹಚ್ಚಿ ನೆಕ್ಕಿ, ಮಳೆ ಬರಬಹುದು ಅನ್ನುವಷ್ಟೇ ಸಲೀಸಾಗಿ ಅಂದರು: "ಗಟ್ಟಿ ಜೀವ ಕಣ್ರೀ ಅದು. ಆ ಕೊರೊನಾ ಸೂಜಿ ಆಕುಸ್ಕಂಡಿದ್ದೇ ತಿಂದಾಕ್ಬುಡ್ತು." ಎದುರು ಸಾಲಿನವರು ಹೌದು ಹೌದೆಂದು ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಪಂಕ್ತಿಯಲ್ಲೂ ಇರುತ್ತಾರೆ.

ನನಗೆ ಮೈಯೆಲ್ಲ ಉರಿಯಿತು. ಆದರೆ ನನ್ನ ಸಿಟ್ಟಿನದೊಂದು ಕೆಟ್ಟ ಗುಣ. ಅದು ಬಂದಾಗ ಮಾತು ಬರುವುದಿಲ್ಲ, ಮನೆಗೆ ಹೋದ ಮೇಲೆ ಬೇಕಾದಷ್ಟು ಬರುತ್ತದೆ. ಆ ಮನುಷ್ಯನಿಗೆ ಅಲ್ಲೇ, ಆ ಪಂಕ್ತಿಯಲ್ಲೇ ಉತ್ತರ ಸಿಕ್ಕಿತು, ಕೊಟ್ಟವನು ನಾನಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಆ ಉತ್ತರದ ತೂಕ ತಿಳಿಯಬೇಕಾದರೆ ಓನರಮ್ಮ ಎಂಥವರೆಂದು ಮೊದಲು ಗೊತ್ತಿರಬೇಕು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಬೀದಿಯಲ್ಲಿ ಯಾರಿಗೂ ಗುರುತು ಸಿಗಲಾರದು. ಬಾಡಿಗೆಯವರಿಗೆ, ತರಕಾರಿ ಗಾಡಿಯವನಿಗೆ, ಗ್ಯಾಸಿನವನಿಗೆ, ಕೊನೆಗೆ ಅವರ ಸೊಸೆಗೂ ಅವರು ಓನರಮ್ಮನೇ. ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದಾಗ ಒಕ್ಕಲು ಮನೆಗೆ ಸೊಸೆಯಾಗಿ ಬಂದವರು. ಅವರು ರಾಗಿ ಕುಯ್ದ, ಅವರೆಕಾಯಿ ಬಿಡಿಸಿದ ಜಾಗದಲ್ಲೇ ಗಂಡ ಸಾಲುಮನೆಗಳ ವಠಾರ ಕಟ್ಟಿಸಿ ತೀರಿಕೊಂಡಿದ್ದರು. ನಡುವೆ ನೀರಿನ ಸಂಪು, ಸುತ್ತ ಮನೆಗಳು, ಮುಂದೆ ಕಬ್ಬಿಣದ ಗೇಟು. ಗೇಟಿಗೆ ಅಂಟಿಕೊಂಡಿದ್ದದ್ದು ಓನರಮ್ಮನ ಮನೆ. ವಠಾರದಲ್ಲಿದ್ದವರೆಲ್ಲ ಪೀಣ್ಯದ ಕಾರ್ಖಾನೆಗಳ ಅನ್ನ ತಿನ್ನುವವರು. ಯಾರೋ ಲೇತ್ ಮೇಲೆ, ಯಾರೋ ಗಾರ್ಮೆಂಟ್ಸಿನಲ್ಲಿ. ನಾನು ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸದವನು. ಅಳತೆಗೆ ಬರದ ಪೀಸನ್ನು ರಿಜೆಕ್ಟ್ ಎಂದು ಪಕ್ಕಕ್ಕಿಡುವುದು ನನ್ನ ಹೊಟ್ಟೆಪಾಡು. ಓನರಮ್ಮ ನನ್ನನ್ನು "ಕಂಪ್ನಿಯೋರೆ" ಎಂದು ಕರೆಯುತ್ತಿದ್ದರು. ಆ ಕಂಪನಿಯ ಒಡೆಯ ನಾನೇ ಎಂಬ ಭಾವನೆ ಬರುವ ಹಾಗೆ ಕರೆಯುತ್ತಿದ್ದರು.

ನೀರಿನ ಮೋಟರಿನ ಸ್ವಿಚ್ಚು ಅವರ ಮನೆಯೊಳಗಿತ್ತು. ಬೆಳಿಗ್ಗೆ "ನೀರ್ ಬುಡ್ತೀನಿ, ಇಡ್ಕಳಿ" ಎಂದು ಅವರು ಕೂಗಿದರೆ ಇಡೀ ವಠಾರ ಕೊಡ ಬಕೆಟ್ಟು ಹಿಡಿದು ಸಂಪಿನ ಸುತ್ತ ಸೇರುತ್ತಿತ್ತು. ಅದೇ ನಮ್ಮ ಸಭೆ. ಬಾಡಿಗೆ ಏರಿಸುವುದಿದ್ದರೆ ಅಲ್ಲೇ ಹೇಳುತ್ತಿದ್ದರು. ಬೈಯುವುದಿದ್ದರೂ ಅಲ್ಲೇ, ಹೊಗಳುವುದಿದ್ದರೂ ಅಲ್ಲೇ. ಮಗನ ಜೊತೆ ಜಗಳವಾಡುವುದಿದ್ದರೆ ಅವನನ್ನು ಮನೆಯಿಂದ ಹೊರಗೆ ಕರೆದುಕೊಂಡು ಬಂದು ಜಗಳವಾಡುತ್ತಿದ್ದರು. ಒಮ್ಮೆ ನನ್ನ ಹೆಂಡತಿ ಯಾರದೋ ಬಗ್ಗೆ ಒಂದು ವಿಷಯವನ್ನು ಅವರ ಕಿವಿಯಲ್ಲಿ ಪಿಸುಗುಟ್ಟಲು ಹೋದಳು. "ಜೋರಾಗಿ ಯೋಳವ್ವ, ಬಾಗ್ಲಾಕ್ಕಂಡು ಮಾತಾಡೋದು ಕಳ್ರು ಕೆಲ್ಸ" ಎಂದುಬಿಟ್ಟರು. ಆ ವಿಷಯ ಹೇಳಬೇಕಾದವಳು ಬಾಯಿ ಮುಚ್ಚಿಕೊಂಡು ಕೊಡ ತುಂಬಿಸಿಕೊಂಡು ಬಂದಳು. ನಮ್ಮ ವಠಾರದಲ್ಲಿ ಚಾಡಿ ಬೆಳೆಯದೇ ಹೋದದ್ದು ಹೀಗೆ.

ಅವರ ಮಾತೆಂದರೆ ಮಾತು. ಅದು ಒಳ್ಳೆಯ ಮಾತೇ ಆಗಿರಬೇಕೆಂದೇನಿರಲಿಲ್ಲ. ಹಲ್ಲುನೋವಿಗೆ ಲವಂಗ, ಜ್ವರಕ್ಕೆ ರಾಗಿ ಗಂಜಿ, ಗಂಡ ಕುಡಿದು ಬಂದರೆ ಊಟಕ್ಕಿಕ್ಕದೆ ಮಲಗಿಬಿಡುವುದು ಎಂದು ಎಲ್ಲದಕ್ಕೂ ಅವರ ಬಳಿ ಒಂದು ತೀರ್ಮಾನ ಇರುತ್ತಿತ್ತು. ಒಮ್ಮೆ ತೀರ್ಮಾನ ಕೊಟ್ಟರೆ ಜನ ಅದನ್ನು ಪಾಲಿಸುತ್ತಿದ್ದರು. ಸುಳ್ಳು ಹೇಳಲು ಬಾರದ ಬಾಯಿಂದ ಬಂದ ಮಾತಿಗೆ ಅಂಥ ಬೆಲೆ ಇರುತ್ತದೆ.

ಅವರು ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಥೆ ಬಾಲ್ಯದ್ದು. ಹುಡುಗಿಯಾಗಿದ್ದಾಗ ಅವರಿಗೆ ಅಮ್ಮ ಬಂದು ಹೋಗಿತ್ತಂತೆ. ಮೈಮೇಲೆ ನೀರುಗುಳ್ಳೆ ಏಳುವ ಆ ಕಾಯಿಲೆಯನ್ನು ನಮ್ಮ ಕಡೆ ಕಾಯಿಲೆ ಎನ್ನುವುದಿಲ್ಲ, ಅಮ್ಮ ಎನ್ನುತ್ತೇವೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನಸೊಪ್ಪು ಕಟ್ಟುತ್ತಾರೆ. ಒಳಗೆ ಒಗ್ಗರಣೆ ಹಾಕುವುದಿಲ್ಲ. ಹೊರಗಿನವರು ಕಾಲಿಡುವುದಿಲ್ಲ. ಆದರೆ ಒಮ್ಮೆ ಬಂದುಹೋದವರಿಗೆ ಮತ್ತೆ ಬರುವುದಿಲ್ಲವೆಂದು, ಅಂಥವರೇ ಹೋಗಿ ರೋಗಿಗೆ ನೀರು ಕೊಟ್ಟು ಬೇವಿನ ನೀರಲ್ಲಿ ಮೈ ತೊಳೆಯುವುದು ವಾಡಿಕೆ. ಊರಲ್ಲಿ ಯಾರ ಮನೆಗೆ ಅಮ್ಮ ಬಂದರೂ ಈ ಹುಡುಗಿಯನ್ನೇ ಕರೆಯುತ್ತಿದ್ದರಂತೆ. ದೊಡ್ಡವರೆಲ್ಲ ಹೆದರಿ ಹೊರಗೆ ನಿಂತಿರುವಾಗ ಗಿಡ್ಡ ಲಂಗದ ತಾನು ನೆಟ್ಟಗೆ ಒಳಗೆ ಹೋಗುತ್ತಿದ್ದೆ ಎಂದು ಹೇಳುವಾಗ ಅವರ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. "ಬಂದೋದೋರು ಬರ್ದಿರೋರ್ನ ನೋಡ್ಕಬೇಕು" ಎನ್ನುವುದು ಆ ಕಥೆಯ ಕೊನೆಯ ಸಾಲು.

ಕೊರೊನಾದ ಮೊದಲ ವರ್ಷ ನಮ್ಮ ವಠಾರಕ್ಕೆ ಅದನ್ನು ಮೊದಲು ಸ್ವಾಗತಿಸಿದವರೂ ಅವರೇ. ಅವರ ಜೊತೆಗೇ ಬಂದದ್ದು ಲಕ್ಷ್ಮಿಗೆ. ಲಕ್ಷ್ಮಿ ಸಂಪಿನ ಆಚೆ ಬದಿಯ ಒಂದು ಕೋಣೆಯ ಮನೆಯವರು, ಗಾರ್ಮೆಂಟ್ಸಿನಲ್ಲಿ ಕಾಲರು ಕೂರಿಸುವ ಕೆಲಸ, ಗಂಡನಿಲ್ಲ, ಒಬ್ಬಳೇ ಮಗಳನ್ನು ಮಾಗಡಿ ಕಡೆಗೆ ಕೊಟ್ಟಿದ್ದರು. ಓನರಮ್ಮನಿಗೆ ಅವರು ಬಾಡಿಗೆಯವರೂ ಹೌದು, ಸಂಜೆ ಎಲೆಯಡಿಕೆಗೆ ಜೊತೆಯೂ ಹೌದು. ಇಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು, ನಮ್ಮ ಗೇಟಿಗೆ ತಗಡು ಬಡಿದರು. ಇಬ್ಬರೂ ಸ್ವಲ್ಪ ಇಳಿದುಹೋಗಿ, ಮೂಗಿನ ವಾಸನೆ ಕಳೆದುಕೊಂಡು, ನಗುತ್ತಲೇ ವಾಪಸು ಬಂದರು.

ಬಂದ ಮರುದಿನವೇ ಓನರಮ್ಮ ಸಂಪಿನ ಬಳಿ ಸಾರಿದರು. ತನಗೂ ಲಕ್ಷ್ಮಿಗೂ ಬಂದುಹೋಗಿದೆ, ಇನ್ನು ಯಾರ ಮನೆಗೆ ಬಂದರೂ ಒಳಗೆ ಹೋಗುವವರು ತಾವಿಬ್ಬರು, ಮಿಕ್ಕವರು ಬಾಗಿಲು ಹಾಕಿಕೊಂಡಿರಿ ಎಂದು. ಅದನ್ನು ಅವರು ಉಪಕಾರವೆಂದು ಹೇಳಲಿಲ್ಲ, ಸರದಿ ಎಂಬ ಹಾಗೆ ಹೇಳಿದರು. ಮುಂದಿನ ತಿಂಗಳುಗಳಲ್ಲಿ ಜ್ವರ ಬಂದ ಬಾಗಿಲಿಗೆಲ್ಲ ಬೇವಿನಸೊಪ್ಪು ಬಂತು. ಒಗ್ಗರಣೆ ನಿಂತಿತು. ನಮ್ಮ ಮನೆಗೂ ಬಂದಾಗ ಒಗ್ಗರಣೆಯಿಲ್ಲದ ಸಾರು ತಂದುಕೊಟ್ಟರು. ಒಗ್ಗರಣೆ ಇಲ್ಲದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಆದರೆ ಮೂಗೇ ಸತ್ತಿದ್ದ ಕಾಲವಾದ್ದರಿಂದ ಹಾಕಿದ್ದರೂ ಒಂದೇ, ಹಾಕದಿದ್ದರೂ ಒಂದೇ. ನಮ್ಮ ನೆಂಟರು ಫೋನಿನಲ್ಲಿ ಮಾತ್ರ ಅತ್ತರು. ಒಳಗೆ ಬಂದು ನನ್ನ ಹೆಂಡತಿಯ ಬೆನ್ನು ಉಜ್ಜಿದವರು ಇವರಿಬ್ಬರು. ಅದನ್ನು ಮರೆತರೆ ನನಗೆ ಒಳ್ಳೆಯದಾಗುವುದಿಲ್ಲ.

ಎರಡನೆಯ ವರ್ಷದ ಬೇಸಿಗೆ ಬಂತು. ನಲವತ್ತೈದು ದಾಟಿದವರಿಗೆ ಲಸಿಕೆ ಕೊಡುತ್ತೇವೆಂದು ಪಕ್ಕದ ಸರ್ಕಾರಿ ಶಾಲೆಯಲ್ಲಿ ಮೇಜು ಹಾಕಿದರು. ಲಕ್ಷ್ಮಿಯ ವಯಸ್ಸು ಅದನ್ನು ದಾಟಿತ್ತು. ಅವರ ಫ್ಯಾಕ್ಟರಿಯಲ್ಲೂ ಹಾಕಿಸಿಕೊಳ್ಳಿ ಎನ್ನುತ್ತಿದ್ದರು. ಆದರೆ ಹಾಕಿಸಿಕೊಂಡವರಿಗೆ ಕೈ ಊದುತ್ತದೆ, ಚಳಿಜ್ವರ ಬರುತ್ತದೆ, ಕೆಲಸ ತಪ್ಪುತ್ತದೆ ಎಂಬ ಸುದ್ದಿ ಲಸಿಕೆಗಿಂತ ಮೊದಲೇ ಬಂದಿತ್ತು. ಲಕ್ಷ್ಮಿ ಎಲ್ಲರೆದುರು ಸಂಪಿನ ಬಳಿ ಕೇಳಿದರು, ಏನು ಮಾಡಲಿ ಎಂದು. ಓನರಮ್ಮ ಯೋಚಿಸಲೂ ಇಲ್ಲ. "ನಮ್ಗ್ಯಾಕವ್ವ ಸೂಜಿ? ನಮ್ಗೆ ಬಂದೋಗೈತೆ. ಬರ್ದಿರೋರು ಆಕುಸ್ಕಳ್ಲಿ" ಎಂದರು. ವಠಾರದಲ್ಲಿ ಬಂದುಹೋದವರೆಲ್ಲ ಆ ಮಾತು ಕೇಳಿ ಮನೆಗೆ ಹೋದರು. ನಾನೂ ಹೋದೆ, ಸಮಾಧಾನವಾಗಿಯೇ ಹೋದೆ.

ಆ ಬೇಸಿಗೆ ಹೇಗಿತ್ತೆಂದು ನೆನಪಿಸಬೇಕಾಗಿಲ್ಲ. ವಠಾರದ ಒಂದೊಂದೇ ಬಾಗಿಲಿಗೆ ಮತ್ತೆ ಬೇವು ಏರಿತು. ವಾಡಿಕೆಯಂತೆ ಓನರಮ್ಮ, ಲಕ್ಷ್ಮಿ ಗಂಜಿ ಹೊತ್ತರು. ಓನರಮ್ಮನಿಗೆ ಏನೂ ಆಗಲಿಲ್ಲ. ಲಕ್ಷ್ಮಿ ಒಂದು ಬೆಳಿಗ್ಗೆ ನೀರಿಗೆ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತು ಉಸಿರಿಗೆ ಒದ್ದಾಡುತ್ತಿದ್ದರು. ಬೆರಳಿಗೆ ಹಾಕುವ ಯಂತ್ರ ಆಕ್ಸಿಜನ್ ತೀರಾ ಕಡಿಮೆ ತೋರಿಸುತ್ತಿತ್ತು. ಸಿಕ್ಕ ಸಿಕ್ಕವರಿಗೆ ಫೋನು ಮಾಡಿ, ಬೇಡಿ, ಬೈದು, ಸಾಯಂಕಾಲದ ಹೊತ್ತಿಗೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಆಂಬುಲೆನ್ಸ್ ತಿರುವಿನಲ್ಲಿ ಮರೆಯಾದ ಮೇಲೂ ಓನರಮ್ಮ ಗೇಟಿನ ಕಂಬಿ ಹಿಡಿದು ನಿಂತೇ ಇದ್ದರು. "ಇಬ್ರಿಗೂ ಬಂದೋಗಿತ್ತಲ್ಲ ಕಂಪ್ನಿಯೋರೆ" ಎಂದು ನನ್ನನ್ನು ಕೇಳಿದರು.

ಉತ್ತರ ಆಸ್ಪತ್ರೆಯ ಡಾಕ್ಟರಿಂದ ಫೋನಿನಲ್ಲಿ ಬಂತು. ಒಮ್ಮೆ ಬಂದುಹೋದರೆ ಮೈಯಲ್ಲಿ ಒಂದು ಕಾವಲು ಹುಟ್ಟುವುದು ನಿಜ; ಆದರೆ ಇದರ ಕಾವಲು ಅಮ್ಮನದರ ಹಾಗೆ ಜೀವಮಾನವಿಡೀ ನಿಲ್ಲುವುದಿಲ್ಲ, ಕರಗುತ್ತ ಬರುತ್ತದೆ, ರೋಗವೂ ವೇಷ ಬದಲಿಸಿಕೊಂಡು ಬರುತ್ತದೆ. ಲಸಿಕೆ ಹಾಕಿಸಿಕೊಂಡವರಿಗೂ ಬರಬಹುದು, ಆದರೆ ಈ ಮಟ್ಟಕ್ಕೆ ಹೋಗುವುದು ಕಡಿಮೆ. ಲಕ್ಷ್ಮಿ ಬದುಕಿ ಬಂದರೆ ಮೂರು ತಿಂಗಳು ಬಿಟ್ಟು ಹಾಕಿಸಿ ಎಂದರು. ನಾನು ಇದನ್ನು ಓನರಮ್ಮನಿಗೆ ಮೆಲ್ಲಗೆ ಹೇಳಿದೆ. ಮೊದಲ ಬಾರಿ ಅವರು ಜೋರಾಗಿ ಹೇಳಿ ಎನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹೆಂಗಸಿಗೆ ಆಸ್ತಿ ಎಂದು ನಿಜಕ್ಕೂ ಇದ್ದದ್ದು ಆ ಸಾಲುಮನೆಯಲ್ಲ, ಅವರ ಮಾತು. ಅದು ಒಡೆದಿತ್ತು.

ಲಕ್ಷ್ಮಿ ಬದುಕಿ ಬಂದರು. ಬೆಳಗಿನ ನೀರಿನ ಹೊತ್ತಿಗೇ ಆಟೋ ಬಂದು ಗೇಟಿನಲ್ಲಿ ನಿಂತಿತು. ಮಗಳ ಹೆಗಲು ಹಿಡಿದು ಇಳಿದರು. ಮುಖದಲ್ಲಿ ಮೂಗು ಮಾತ್ರ ಉಳಿದಿತ್ತು. ಕೊಡ ಹಿಡಿದು ನಿಂತಿದ್ದ ನಾವೆಲ್ಲ ದಾರಿ ಬಿಟ್ಟೆವು. ಓನರಮ್ಮ ಒಳಗೆ ಹೋಗಿ ಮೋಟರು ನಿಲ್ಲಿಸಿ ಬಂದರು. ಸದ್ದು ನಿಂತ ಮೇಲೆ ಸಂಪಿನ ಬಳಿ ಲಕ್ಷ್ಮಿಯ ಎದುರು ನಿಂತು ಹೇಳಿದರು:

"ಲಕ್ಷ್ಮಿ, ನಾನ್ ಯೋಳಿದ್ದು ತಪ್ಪಾಗೋಯ್ತು ಕಣವ್ವ. ಇದು ಅಮ್ಮ ಬಂದಂಗಲ್ಲ. ಬಂದೋದೋರ್ಗೂ ಬತ್ತೈತೆ. ನನ್ ಮಾತ್ ಕೇಳಿ ನೀನು ಸಾಯಾಕ್ ಓಗಿದ್ದೆ. ಎಲ್ಲಾರೂ ಕೇಳುಸ್ಕಳಿ, ಇದ್ರಾಗೆ ಇನ್ಮ್ಯಾಲೆ ನನ್ ಮಾತು ಕೇಳ್ಬ್ಯಾಡಿ."

ನಾನು ಜೀವನವಿಡೀ ರಿಜೆಕ್ಟ್ ಪೀಸುಗಳ ನಡುವೆ ಬದುಕಿದವನು. ಪೀಸು ಕೆಟ್ಟಿತೆಂದು ತೋರಿಸಿದರೆ ಮೆಷೀನಿನವನು ಮೆಟೀರಿಯಲ್ ಸರಿ ಇರಲಿಲ್ಲ ಎನ್ನುತ್ತಾನೆ, ಸೂಪರ್‌ವೈಸರು ಡ್ರಾಯಿಂಗ್ ಸರಿ ಇರಲಿಲ್ಲ ಎನ್ನುತ್ತಾನೆ. ಇದು ನನ್ನದು, ನಾನು ಕೆಡಿಸಿದ್ದು ಎಂದು ಎಲ್ಲರೆದುರು ನಿಂತು ಹೇಳಿದ ಒಬ್ಬರನ್ನು ನೋಡಿದ್ದು ಅವತ್ತೇ. ಬಾಡಿಗೆಯವರ ಮುಂದೆ ಓನರು ಹಾಗೆ ಹೇಳುವುದು ನಮ್ಮ ಕಡೆ ನಡೆಯುವ ಮಾತಲ್ಲ. ಲಕ್ಷ್ಮಿ ಅವರನ್ನೇ ಒಂದು ಗಳಿಗೆ ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತು ಮಧ್ಯಾಹ್ನದಿಂದಲೇ ಓನರಮ್ಮನ ಸ್ಟೀಲ್ ಡಬ್ಬಿ ಲಕ್ಷ್ಮಿಯ ಹೊಸಿಲಿಗೆ ಹೋಗತೊಡಗಿತು. ಗಂಜಿ, ಮೆದು ಅನ್ನ, ಸೊಪ್ಪಿನ ಸಾರು. ಲಕ್ಷ್ಮಿ ಅದನ್ನು ತಿನ್ನುತ್ತಿದ್ದರು. ಡಬ್ಬಿಯನ್ನು ತೊಳೆದು, ಒರೆಸಿ, ಓನರಮ್ಮನ ಕಿಟಕಿಯ ಮೇಲಿಟ್ಟು ಬರುತ್ತಿದ್ದರು. ಡಬ್ಬಿ ಬರಿದಾಗಿರುತ್ತಿತ್ತು. ನಮ್ಮಲ್ಲಿ ಕೊಟ್ಟ ಮನೆಗೆ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಇಷ್ಟು ವರ್ಷ ಈ ಎರಡು ಮನೆಗಳ ನಡುವೆ ಓಡಾಡಿದ ಡಬ್ಬಿ ಒಮ್ಮೆಯೂ ಬರಿದಾಗಿ ಹೋಗಿರಲಿಲ್ಲ. ಓನರಮ್ಮ ಮುಚ್ಚಳ ತೆಗೆದು ಒಳಗೆ ನೋಡಿ ಮತ್ತೆ ಮುಚ್ಚುವುದನ್ನು ನನ್ನ ಹೆಂಡತಿ ದಿನವೂ ನೋಡುತ್ತಿದ್ದಳು, ಬಂದು ನನಗೆ ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೋಗಿ ಲಕ್ಷ್ಮಿಯ ಜೊತೆ ಮಾತಾಡಿ ಎಂದು ಅವಳು ಓನರಮ್ಮನಿಗೆ ಒಮ್ಮೆ ಹೇಳಿಯೂ ನೋಡಿದಳು. ಮಾತಿನಿಂದಲೇ ಕೆಟ್ಟಿರುವುದು, ಮಾತಿನಿಂದ ಸರಿಹೋಗುವುದಿಲ್ಲ ಎಂದರಂತೆ.

ಆಮೇಲೆ ಅವರು ಮಾಡಿದ ಕೆಲಸ ಈಗಲೂ ನೆನೆದರೆ ನಗು ಬರುತ್ತದೆ. ಅವರಿಗೆ ಕಾಯಿಲೆ ಬಂದು ಆಗಲೇ ಬಹಳ ಕಾಲವಾಗಿತ್ತಲ್ಲ, ಮೂರು ತಿಂಗಳು ಕಾಯಬೇಕಿರಲಿಲ್ಲ. ಒಂದು ಬೆಳಿಗ್ಗೆ ನೀರು ಬಿಟ್ಟು ಮುಗಿಸಿ, ಒಗೆದ ಸೀರೆ ಉಟ್ಟು, ಸರ್ಕಾರಿ ಶಾಲೆಗೆ ನಡೆದು ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದರು. ಸೂಜಿಯೆಂದರೆ ಆಯಮ್ಮನಿಗೆ ಜೀವ ಹೋಗುವಷ್ಟು ಭಯ. ಸಕ್ಕರೆ ಕಾಯಿಲೆಗೆ ರಕ್ತ ಕೊಡಬೇಕೆಂದರೆ ಮಗ ಹೊತ್ತುಕೊಂಡು ಹೋಗಬೇಕಿತ್ತು. ಬಂದವರು ಒಳಗೆ ಹೋಗಿ ಮಲಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಗೇಟಿನ ಬಾಯಿಯಲ್ಲಿ ಹಾಕಿಕೊಂಡು, ಬೀದಿಗೆ ಮುಖ ಮಾಡಿ ಕೂತರು.

ಮರುದಿನ ಬೆಳಿಗ್ಗೆಯ ಹೊತ್ತಿಗೆ ಚಳಿಜ್ವರ ಜೋರಾಗಿತ್ತು. ಕಂಬಳಿ ಹೊದ್ದು, ಅದೇ ಕುರ್ಚಿಯಲ್ಲಿ ಹಲ್ಲು ಕಟಕಟ ಎನ್ನುತ್ತ ಕೂತಿದ್ದರು. ಮಗ ಬಂದು ಬೈದ, ಸೊಸೆ ಬೇಡಿಕೊಂಡಳು, ಏಳಲಿಲ್ಲ. ಫ್ಯಾಕ್ಟರಿಗೆ ಹೋಗುವ ಹೆಂಗಸರು, ಹಾಲಿನವನು, ಆಟೋದವರು, ಯಾರು ನಿಂತು ಏನಾಯಿತಮ್ಮ ಎಂದರೂ ಅವರದು ಒಂದೇ ವರದಿ. ನೆನ್ನೆ ಸೂಜಿ ಆಯಿತು, ರಾತ್ರಿಯಿಂದ ಚಳಿ, ಈಗ ಸೊಂಟ ನೋವು, ಎಡಗೈ ಎತ್ತಲು ಆಗುತ್ತಿಲ್ಲ, ನಾಳೆ ಮತ್ತೆ ಬಂದು ನೋಡಿ. ರೇಡಿಯೋದಲ್ಲಿ ಕ್ರಿಕೆಟ್ ಹೇಳುವವರಿಗೂ ಅಷ್ಟು ಶ್ರದ್ಧೆ ಇರುವುದಿಲ್ಲ.

ನನಗೆ ಅದು ಎಡವಟ್ಟಾಗಿ ಕಂಡಿತು. ಹೋಗಿ ಹೇಳಿದೆ, ನೀವು ಹೀಗೆ ನಡುಗುವುದನ್ನು ನೋಡಿದರೆ ಇನ್ನೂ ಹಾಕಿಸಿಕೊಳ್ಳದವರು ಆ ಶಾಲೆಯ ಕಡೆ ತಲೆ ಹಾಕಿ ಕೂಡ ಮಲಗುವುದಿಲ್ಲ, ಒಳಗೆ ಹೋಗಿ, ವಾಸಿಯಾದ ಮೇಲೆ ಬಂದು ಕೂತುಕೊಳ್ಳಿ ಎಂದು. ಓನರಮ್ಮ ಕಂಬಳಿಯಿಂದ ಮುಖ ಹೊರಗೆ ಹಾಕಿದರು. ಕಣ್ಣು ಕೆಂಪಾಗಿತ್ತು.

"ಜನ ಎದ್ರೋದು ಕಾಣ್ದಿರೋದ್ಕೆ ಕಂಪ್ನಿಯೋರೆ, ಕಂಡಿದ್ಕಲ್ಲ. ಬರೋದೂ ನೋಡ್ಲಿ, ಓಗೋದೂ ನೋಡ್ಲಿ. ಓಗ್ದಿದ್ರೆ ಅದ್ನೂ ನೋಡ್ಲಿ. ನನ್ ಮಾತಂತೂ ಸುಳ್ಳಾಯ್ತು, ಮೈ ಸುಳ್ಳಾಡ್ತದಾ?"

ನಾನು ಒಂದು ಲೋಟ ಬಿಸಿನೀರು ತಂದುಕೊಟ್ಟು ಕೆಲಸಕ್ಕೆ ಹೋದೆ. ಅದರ ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಕಂಬಳಿ ಗೇಟಿನ ಮೇಲೆ ಒಣಗುತ್ತಿತ್ತು. ಬೀದಿಯವರು ನಿಜವಾಗಿಯೂ ಮತ್ತೆ ನೋಡಲು ಬಂದಿದ್ದರು. ಓನರಮ್ಮ ಅವರೆಲ್ಲರೆದುರು ಎಡಗೈಯನ್ನು ಮೇಲೆತ್ತಿ, ಮುಖ ಸಿಂಡರಿಸಿ, "ಇಷ್ಟ್ ನೋವೈತೆ ಇನ್ನೂ" ಎಂದು ತೋರಿಸಿ, ಒಳಗೆ ಹೋಗಿ ಅದೇ ಕೈಯಲ್ಲಿ ಮೋಟರಿನ ಸ್ವಿಚ್ಚು ಹಾಕಿದರು. ಹಾಕಿಸಿಕೊಳ್ಳಿ ಎಂದು ಒಬ್ಬರಿಗೂ ಹೇಳಲಿಲ್ಲ. ಹೇಳಿಯಾರೆಂದು ನಾನು ಕಾದೆ, ಹೇಳಲೇ ಇಲ್ಲ.

ಹೇಳದಿದ್ದರೂ ಆ ವಾರ ನಮ್ಮ ಬೀದಿಯವರು ಶಾಲೆಯ ಮುಂದೆ ಸಾಲು ನಿಂತರು. ಆಮೇಲಿನ ದಿನಗಳಲ್ಲಿ ಸಂಪಿನ ಬಳಿ ಬೇರೆ ಮಾತೇ ಇಲ್ಲ. ನನಗೆ ಜ್ವರ ಬರಲಿಲ್ಲ, ಆದರೆ ತೋಳು ಹಿಡಿದುಕೊಂಡು ಅಳತೆ ನೋಡುವ ಮೈಕ್ರೋಮೀಟರ್ ತಿರುಗಿಸಲಾಗದೆ ಫ್ಯಾಕ್ಟರಿಯಲ್ಲಿ ಸುಮ್ಮನೆ ಕೂತಿದ್ದೆ. ನನ್ನ ಹೆಂಡತಿಗೆ ಜ್ವರದ ಜೊತೆ ಮೆಣಸಿನಕಾಯಿ ಬಜ್ಜಿಯ ಆಸೆ ಬಂತು. ಅದು ಲಸಿಕೆಯ ಪರಿಣಾಮ ಎಂದು ಈಗಲೂ ವಾದಿಸುತ್ತಾಳೆ. ಸಿಎನ್‌ಸಿ ಮೆಷೀನ್ ನಡೆಸುವ ರಘು, ಸೂಜಿ ಹಾಕಿಸಿಕೊಂಡರೆ ಮೈ ಅಯಸ್ಕಾಂತವಾಗುತ್ತದೆಂದು ಮೊಬೈಲಿನಲ್ಲಿ ನೋಡಿ, ಫ್ಯಾಕ್ಟರಿಯಿಂದ ವಾಷರು ತಂದು ತೋಳಿಗೆ ಅಂಟಿಸಿಕೊಂಡು ಎಲ್ಲರಿಗೂ ತೋರಿಸಿದ. ಅಂಟಿತು ಕೂಡ. ಪೀಣ್ಯದಲ್ಲಿ ಕೆಲಸ ಮುಗಿಸಿ ಬಂದವನ ಮೈಗೆ ಎಣ್ಣೆ ಬೆವರಿನ ಜಿಗುಟಿಗೆ ಇಡ್ಲಿಯೂ ಅಂಟುತ್ತದೆ. ಸ್ನಾನ ಮಾಡಿಬಂದು ಅಂಟಿಸಿಕೋ ಎಂದೆವು. ಸ್ನಾನದ ನಂತರ ಅಯಸ್ಕಾಂತ ಕೆಲಸ ಮಾಡಲಿಲ್ಲ. ಓನರಮ್ಮ ಇವನ್ನೆಲ್ಲ ಕೇಳಿ ನಗುತ್ತಿದ್ದರು, ಆದರೆ ನಗುತ್ತಲೇ ಸಂಪಿನ ಆಚೆ ಬದಿಯ ಬಾಗಿಲಿನ ಕಡೆ ನೋಡುತ್ತಿದ್ದರು. ಡಬ್ಬಿ ಬರಿದಾಗಿಯೇ ಬರುತ್ತಿತ್ತು.

ಮೂರು ತಿಂಗಳ ಗಡುವು ಮುಗಿಯುತ್ತ ಬಂತು. ಲಕ್ಷ್ಮಿ ಹಾಕಿಸಿಕೊಳ್ಳುತ್ತಾರೋ ಇಲ್ಲವೋ ಎನ್ನುವುದು ನಮಗೆಲ್ಲ ಚಿಂತೆಯಾಗಿತ್ತು. ಆಸ್ಪತ್ರೆ ನೋಡಿ ಬಂದವರಿಗೆ ಎರಡನೇ ಸಲ ಆ ಭಯ ಬೇಡ. ಅವರ ಶ್ವಾಸ ಇನ್ನೂ ಸರಿ ಇರಲಿಲ್ಲ, ಒಂದು ಕೊಡ ಹೊತ್ತರೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಓನರಮ್ಮ ಕೇಳಲಿಲ್ಲ, ಕೇಳಿಸಲೂ ಇಲ್ಲ. ಆಗಲೇ ಒಂದು ಬೆಳಿಗ್ಗೆ ಲಕ್ಷ್ಮಿ ಯಾರಿಗೂ ಹೇಳದೆ ಗೇಟು ದಾಟಿ ಹೋದರು. ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದರು. ನಾನು ಅವತ್ತು ವಾರದ ರಜೆಯಲ್ಲಿ ಹೊಸಿಲ ಮೇಲೆ ಕೂತು ಪೇಪರು ಓದುತ್ತಿದ್ದೆ. ಲಕ್ಷ್ಮಿ ತಮ್ಮ ಮನೆಯೊಳಗೆ ಹೋಗಿ, ಒಂದು ಕೈಯಲ್ಲಿ ಸ್ಟೂಲು, ಇನ್ನೊಂದು ಕೈಯಲ್ಲಿ ಓನರಮ್ಮನ ಡಬ್ಬಿ ಹಿಡಿದು ಹೊರಗೆ ಬಂದರು. ಗೇಟಿನ ಬಳಿ ಸೊಪ್ಪು ಬಿಡಿಸುತ್ತ ಕೂತಿದ್ದ ಓನರಮ್ಮನ ಕುರ್ಚಿಯ ಪಕ್ಕ ಸ್ಟೂಲು ಹಾಕಿ, ಬೀದಿಗೆ ಮುಖ ಮಾಡಿ ಕೂತರು.

"ಸೂಜಿ ಆಕುಸ್ಕಂಡ್ ಬಂದೆ" ಎಂದರು. "ಜ್ವರ ಬತ್ತೈತೇನೋ, ಇಲ್ಲೇ ಕೂತ್ಕಂತೀನಿ."

ಓನರಮ್ಮ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದರು. ಒಳಗೆ ಒಂದು ಉಂಡೆ ಬೆಲ್ಲ ಇತ್ತು. ಆಯಮ್ಮ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ನಟ್ಟನಡು ಬೀದಿಗೆ ಮುಖ ಮಾಡಿಕೊಂಡೇ. ಅವತ್ತು ಸಂಜೆ ಲಕ್ಷ್ಮಿಗೆ ಚಳಿ ಹತ್ತಿದಾಗ ಅದೇ ಕಂಬಳಿ ಹೊದಿಸಿದರು. ಇಬ್ಬರೂ ಗೇಟಿನಲ್ಲಿ ಕೂತು ಹೋಗಿಬರುವವರಿಗೆಲ್ಲ ವರದಿ ಒಪ್ಪಿಸುತ್ತಿದ್ದರು.

ಆಮೇಲೆ ವರ್ಷಗಳು ಕಳೆದವು. ತಗಡು, ಬೇವು, ಮಾಸ್ಕು ಎಲ್ಲ ಹೋದವು. ಓನರಮ್ಮ ಮತ್ತೆ ತೀರ್ಮಾನ ಕೊಡತೊಡಗಿದರು, ಆದರೆ ಈಗ ಮಾತಿನ ಕೊನೆಯಲ್ಲಿ "ನಂಗೆ ತಿಳ್ದಂಗೆ" ಎಂದು ಸೇರಿಸುತ್ತಿದ್ದರು. ಹಿಂದೆ ಆ ಬಾಲ ಇರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದು, ರಕ್ತದೊತ್ತಡ ಅದಕ್ಕಿಂತ ಹಳೆಯದು, ಮಾತ್ರೆ ನುಂಗಲು ಸೋಮಾರಿತನ ಎಲ್ಲಕ್ಕಿಂತ ಹಳೆಯದು. ಹೋದ ತಿಂಗಳು ಒಂದು ಬೆಳಿಗ್ಗೆ ನೀರು ಬಿಡಲು ಎದ್ದವರು ಎದೆ ಹಿಡಿದುಕೊಂಡು ಕೂತರು, ಹಾಗೇ ಹೋದರು. ಅವರನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು, ಹೃದಯ ದಣಿದು ಬಹಳ ಕಾಲವಾಗಿತ್ತು, ಹೇಳಿ ಹೇಳಿ ಸಾಕಾಗಿತ್ತು ಎಂದರು.

ಇಷ್ಟು ಗೊತ್ತಿದ್ದೂ ಅವತ್ತು ಪಂಕ್ತಿಯಲ್ಲಿ ಆ ದಪ್ಪ ಚೈನಿನವರು ಸೂಜಿಯ ಮಾತು ಎತ್ತಿದಾಗ ನನಗೆ ಬಾಯಿ ಬರಲಿಲ್ಲ ಎಂದೆನಲ್ಲ. ಆಗ ಪಾಯಸದ ಬಕೆಟ್ಟು ಹಿಡಿದು ನಮ್ಮ ಸಾಲಿಗೆ ಬಡಿಸುತ್ತ ಬರುತ್ತಿದ್ದವರು ಲಕ್ಷ್ಮಿ. ಮಾತು ಅವರಿಗೂ ಕೇಳಿಸಿತ್ತು. ಆ ಚೈನಿನವರ ಎಲೆಯ ಮುಂದೆ ನಿಂತರು. ದನಿ ಏರಿಸಲಿಲ್ಲ, ಆದರೆ ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದರು:

"ಆಯಮ್ಮ ಸೂಜಿ ಆಕುಸ್ಕಂಡು ಈ ಗೇಟಾಗೇ ಕೂತಿದ್ರು, ಊರೆಲ್ಲ ನೋಡ್ತು. ಅದು ತಪ್ಪಾಗಿದ್ರೆ ಅವ್ರೇ ಯೋಳ್ತಿದ್ರು ಅಣ್ಣ, ತಪ್ಪಾಯ್ತು ಅಂತ. ನಂಗ್ ಯೋಳಿದ್ರು, ಎಲ್ಲಾರ್ ಮುಂದೆ."

ಹೇಳಿ, ಅವರ ಎಲೆಗೆ ಒಂದು ಸೌಟು ಪಾಯಸ ಬಡಿಸಿ, ಇನ್ನೊಂದು ಸೌಟು ಹಾಕಲೇ ಎಂದು ಕೇಳಿದರು.